ಮಾರ್ಪಡಿಸಿದ ವಾಹನಕ್ಕೆ ನೋಟಿಸ್ ಬಂದಾಗ: ನಿವೃತ್ತ ಮೋಟಾರು ವಾಹನ ನಿರೀಕ್ಷಕರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಜನ ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದೇ ಕರೆಯುವ ಮೋಟಾರು ವಾಹನ ನಿರೀಕ್ಷಕರ ಹುದ್ದೆಯಿಂದ ನಿವೃತ್ತರಾದ ನಮ್ಮ ಸದಸ್ಯರೊಬ್ಬರು ಇಂದು ಉತ್ತರಿಸಲು ಒಪ್ಪಿದ್ದಾರೆ. ನೋಟಿಸಿನಲ್ಲಿ ಯಾವ ಕಲಂ ನಮೂದಾಗಿದೆ, ಆರ್‌ಸಿಯಲ್ಲಿ ಏನಿದೆ ಎಂಬುದನ್ನು ಪ್ರಶ್ನೆಯ ಜೊತೆಗೇ ಬರೆಯಿರಿ. ನೋಂದಣಿ ಸಂಖ್ಯೆಯನ್ನು ಹಾಕಬೇಡಿ.

ಸಿಎನ್‌ಜಿ ಕಾರಿನವರು: ನಮಸ್ಕಾರ ಸರ್. ಕಿಟ್ ಹಾಕಿಸಿ ಎರಡು ತಿಂಗಳಾಯಿತು, ಆರ್‌ಸಿಯಲ್ಲಿ ಇಂಧನ ಇನ್ನೂ ಪೆಟ್ರೋಲ್ ಎಂದೇ ಇದೆ. ತೊಂದರೆಯಾಗುವುದೇ?

ನಿರೀಕ್ಷಕರು: ಆಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಬದಲಾವಣೆಯಾದ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕಿತ್ತು. ಕಿಟ್‌ನ ಅನುಮೋದನೆ ಪತ್ರ, ಅಳವಡಿಸಿದವರ ರಸೀದಿ ಮತ್ತು ಸಿಲಿಂಡರಿನ ಪರೀಕ್ಷಾ ಪ್ರಮಾಣಪತ್ರಗಳೊಂದಿಗೆ ನಾಳೆಯೇ ಹೋಗಿ, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ. ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಮಾಡಿಸಬೇಕೆಂಬುದು ನೆನಪಿರಲಿ.

ಹಳೆಯ ಜೀಪಿನವರು: ಮಾನ್ಯರೇ, ಕಳೆದ ವರ್ಷ ಸೆಕೆಂಡ್‌ಹ್ಯಾಂಡ್ ಜೀಪೊಂದನ್ನು ಕೊಂಡೆ. ಹಿಂದಿನ ಮಾಲೀಕರೇ ಸ್ಪ್ರಿಂಗ್ ಬದಲಾಯಿಸಿ ಬಾಡಿ ಎತ್ತರಿಸಿ, 215/75 ಆರ್15 ಟೈರಿನ ಜಾಗದಲ್ಲಿ 235/75 ಆರ್15 ಹಾಕಿಸಿ, ಬಂಪರಿನ ಮುಂದೆ ಬುಲ್ ಬಾರ್ ಎಂಬ ಕಬ್ಬಿಣದ ಅಡ್ಡಪಟ್ಟಿ ಕೂರಿಸಿದ್ದರು. ಈಗ 53ನೇ ಕಲಂ ಉಲ್ಲೇಖಿಸಿ, ನೋಂದಣಿಯನ್ನು ಏಕೆ ಅಮಾನತುಗೊಳಿಸಬಾರದು ಎಂದು ಕೇಳಿ ನೋಟಿಸ್ ಬಂದಿದೆ. ಸ್ನೇಹಿತರ ಹಳೆಯ ಟೈರ್‌ಗಳನ್ನು ಹಾಕಿ, ಬುಲ್ ಬಾರ್ ಬಿಚ್ಚಿ ತಪಾಸಣೆ ಮುಗಿಸಿಕೊಂಡು, ನಂತರ ಮೊದಲಿನಂತೆಯೇ ಮಾಡಿಕೊಳ್ಳಬಹುದೇ? ಅಂದ ಹಾಗೆ, ಎತ್ತರಿಸಿದ ಮೇಲೆ ಹಿಂದಿನ ಬ್ರೇಕ್ ಸರಿಯಾಗಿ ಹಿಡಿಯುತ್ತಿರಲಿಲ್ಲ. ನಮ್ಮ ಮೆಕ್ಯಾನಿಕ್ ಆಕ್ಸೆಲ್ ಬಳಿಯ ಒಂದು ಕಡ್ಡಿಯನ್ನು ತಂತಿಯಿಂದ ಮೇಲಕ್ಕೆ ಕಟ್ಟಿದ ಮೇಲೆ ಚೆನ್ನಾಗಿ ಹಿಡಿಯುತ್ತಿದೆ.

ನಿರೀಕ್ಷಕರು: ತಾವು ‘ಅಂದ ಹಾಗೆ’ ಎಂದು ಬರೆದ ವಾಕ್ಯವೇ ಇಲ್ಲಿ ಮುಖ್ಯ, ಮಿಕ್ಕಿದ್ದೆಲ್ಲ ಆಮೇಲಿನ ಮಾತು.

ಆ ಕಡ್ಡಿ ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ಹೊಂದಿಸುವ ವಾಲ್ವಿನದು. ವಾಲ್ವ್ ಚಾಸಿಸ್‌ನಲ್ಲಿರುತ್ತದೆ, ಕಡ್ಡಿಯ ಇನ್ನೊಂದು ತುದಿ ಆಕ್ಸೆಲ್‌ಗೆ ಸೇರಿರುತ್ತದೆ. ಹಿಂದೆ ಜನ, ಸಾಮಾನು ತುಂಬಿದಾಗ ಬಾಡಿ ಕೆಳಗಿಳಿದು ಎರಡರ ನಡುವಿನ ಅಂತರ ಕಡಿಮೆಯಾಗುತ್ತದೆ, ಆಗ ವಾಲ್ವ್ ಹಿಂದಿನ ಚಕ್ರಗಳಿಗೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿಯಿದ್ದಾಗ ಕಡಿಮೆ ಬಿಡುತ್ತದೆ. ಬಾಡಿಯನ್ನು ಎತ್ತರಿಸಿದ್ದರಿಂದ ಅಂತರ ಕಾಯಂ ಆಗಿ ಹೆಚ್ಚಾಗಿ, ವಾಹನ ಸದಾ ಖಾಲಿ ಎಂದೇ ವಾಲ್ವ್ ತಿಳಿಯಿತು, ಹಿಂದಿನ ಬ್ರೇಕ್ ಸಡಿಲವಾಯಿತು. ಕಡ್ಡಿಯನ್ನು ಮೇಲಕ್ಕೆ ಕಟ್ಟಿದ್ದರಿಂದ ಈಗ ವಾಹನ ಸದಾ ತುಂಬಿದೆ ಎಂದು ತಿಳಿಯುತ್ತಿದೆ. ತಾವೊಬ್ಬರೇ ಕುಳಿತು ಮಳೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ, ಬ್ರೇಕ್ ಬಿದ್ದೊಡನೆ ಭಾರ ಮುಂದಕ್ಕೆ ಸರಿದು ಹಗುರವಾಗುವ ಹಿಂದಿನ ಚಕ್ರಗಳೇ ಮೊದಲು ಲಾಕ್ ಆಗಿ, ಅಂದರೆ ತಿರುಗುವುದು ನಿಂತು, ಹಿಂಭಾಗ ಅಡ್ಡಕ್ಕೆ ತಿರುಗುತ್ತದೆ. ಮುಂದಿನ ಚಕ್ರ ಲಾಕ್ ಆದರೆ ವಾಹನ ನೇರವಾಗಿ ಜಾರುತ್ತದೆ, ಬ್ರೇಕ್ ಸಡಿಲಿಸಿ ಹತೋಟಿಗೆ ತಂದುಕೊಳ್ಳಲು ಒಂದು ಅವಕಾಶವಾದರೂ ಇರುತ್ತದೆ. ಹಿಂಭಾಗ ತಿರುಗಲು ಆರಂಭಿಸಿದರೆ, ಅದರಲ್ಲಿಯೂ ಎತ್ತರಿಸಿದ ಜೀಪಿನಲ್ಲಿ, ಅಷ್ಟು ಸಮಯ ಸಿಗುವುದಿಲ್ಲ. ‘ಚೆನ್ನಾಗಿ ಹಿಡಿಯುತ್ತಿದೆ’ ಎಂದು ತಮಗೆ ಅನ್ನಿಸುತ್ತಿರುವುದು ಈ ಅಪಾಯವೇ.

ಎರಡನೆಯದಾಗಿ, ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಕೊಳವೆಗಳಾದ ಬ್ರೇಕ್ ಹೋಸ್‌ಗಳ ಉದ್ದ ಮೂಲ ಎತ್ತರಕ್ಕೆ ತಕ್ಕಂತೆ ಇರುತ್ತದೆ. ಚಾಸಿಸ್‌ಗೆ ಜಾಕ್ ಕೊಟ್ಟು ಚಕ್ರಗಳು ಪೂರ್ತಿ ಕೆಳಗೆ ಜೋತುಬೀಳುವಂತೆ ಮಾಡಿ, ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿಸಿ. ಯಾವ ಸ್ಥಿತಿಯಲ್ಲಿಯೂ ಹೋಸ್ ಬಿಗಿಯಾಗಬಾರದು, ಟೈರಿಗೆ ತಾಗಬಾರದು.

ಮೂರನೆಯದು ಟೈರ್. ಲೆಕ್ಕ ಹಾಕಿದರೆ ಮೂಲ ಟೈರಿನ ವ್ಯಾಸ 703.5 ಮಿಲಿಮೀಟರ್, ಈಗಿನದು 733.5, ಅಂದರೆ ಶೇಕಡ 4ಕ್ಕೂ ಹೆಚ್ಚು ದೊಡ್ಡದು. ಸ್ಪೀಡೋಮೀಟರ್ 80 ತೋರಿಸುವಾಗ ತಾವು 83ಕ್ಕೂ ಮೇಲಿರುತ್ತೀರಿ, ಅದೇ ಬ್ರೇಕಿಗೆ ಹೆಚ್ಚು ತ್ರಿಜ್ಯದ ಚಕ್ರವನ್ನು ನಿಲ್ಲಿಸುವ ಕೆಲಸ ಬೀಳುತ್ತದೆ. ಇಷ್ಟೆಲ್ಲ ಮಾಡಿ ಆ ಟೈರ್‌ಗಳಿಂದ ಸಿಕ್ಕಿರುವ ಹೆಚ್ಚುವರಿ ಎತ್ತರ 15 ಮಿಲಿಮೀಟರ್ ಮಾತ್ರ.

ನೋಟಿಸಿನ ವಿಚಾರ: 53ನೇ ಕಲಂ ಅಡಿಯಲ್ಲಿ, ಸಾರ್ವಜನಿಕರಿಗೆ ಅಪಾಯಕಾರಿಯಾದ ಅಥವಾ ನಿಯಮಕ್ಕೆ ಹೊಂದದ ವಾಹನದ ನೋಂದಣಿಯನ್ನು, ದೋಷಗಳು ತೃಪ್ತಿಕರವಾಗಿ ಸರಿಯಾಗುವವರೆಗೆ ಅಮಾನತಿನಲ್ಲಿ ಇಡಬಹುದು, ಆದರೆ ಅದಕ್ಕೆ ಮೊದಲು ಮಾಲೀಕರ ಅಹವಾಲು ಕೇಳಬೇಕು. ತಮಗೆ ಬಂದಿರುವುದು ಆ ಅವಕಾಶ. ವಾಹನವನ್ನು ಮೂಲ ಸ್ಥಿತಿಗೆ ತರುತ್ತಿದ್ದೇನೆ, ಇಂತಿಷ್ಟು ದಿನ ಬೇಕು ಎಂದು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಆದೇಶ ಅನ್ಯಾಯವೆನಿಸಿದರೆ 57ನೇ ಕಲಂ ಪ್ರಕಾರ 30 ದಿನಗಳೊಳಗೆ ಮೇಲ್ಮನವಿ ಇದೆ. ಸುಮ್ಮನಿದ್ದು, ಅಮಾನತು ಸತತ 6 ತಿಂಗಳು ಮುಂದುವರಿದರೆ ನೋಂದಣಿಯನ್ನೇ ರದ್ದುಪಡಿಸಲು 54ನೇ ಕಲಂ ಅವಕಾಶ ಕೊಡುತ್ತದೆ. ಬಿಚ್ಚಿ ತೋರಿಸಿ ಮತ್ತೆ ಹಾಕಿಸುವ ಉಪಾಯಕ್ಕೆ ನನ್ನಿಂದ ಸಲಹೆ ಸಿಗುವುದಿಲ್ಲ. ಮೊದಲು ಇದಕ್ಕೆ ಉತ್ತರಿಸಿ: ಜೀಪನ್ನು ಈಗಲೂ ಓಡಿಸುತ್ತಿದ್ದೀರಾ?

ಸನ್‌ಫಿಲ್ಮ್ ಹಾಕಿಸಿದವರು: ಎಲ್ಲರಿಗೂ ಉಪಯೋಗವಾಗಲೆಂದು ಬಂದ ಸಂದೇಶವನ್ನು ಹಾಕುತ್ತಿದ್ದೇನೆ. “ಸನ್‌ಫಿಲ್ಮ್ ಈಗ ದೇಶಾದ್ಯಂತ ಕಾನೂನುಬದ್ಧ. ಪೊಲೀಸರು ತಡೆದರೆ ಈ ಸಂದೇಶ ತೋರಿಸಿ.”

ನಿರೀಕ್ಷಕರು: ತೋರಿಸಬೇಡಿ. ಸುಪ್ರೀಂ ಕೋರ್ಟ್ 2012ರಲ್ಲಿ ಗಾಜಿನ ಮೇಲೆ ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. ನಂತರ ತಿದ್ದುಪಡಿಯಾದ ನಿಯಮವನ್ನು ಆಧರಿಸಿ, ಮಾನದಂಡಕ್ಕೆ ಹೊಂದುವ ಫಿಲ್ಮ್‌ಗೆ ದಂಡ ಹಾಕಬಾರದೆಂದು 2024ರಲ್ಲಿ ಹೇಳಿದ್ದು ಕೇರಳ ಹೈಕೋರ್ಟ್. ಆ ತೀರ್ಪಿನಲ್ಲಿಯೂ ಮುಂದಿನ ಹಿಂದಿನ ಗಾಜಿಗೆ ಶೇಕಡ 70, ಪಕ್ಕದ ಗಾಜಿಗೆ ಶೇಕಡ 50 ಬೆಳಕು ಹಾಯಬೇಕೆಂಬ ಷರತ್ತು ಹೋಗಿಲ್ಲ. ಒಳಗೆ ಕುಳಿತವರೇ ಕಾಣದ ಕಾರಿಗೂ ಆ ತೀರ್ಪಿಗೂ ಸಂಬಂಧವಿಲ್ಲ.

ಗ್ಯಾರೇಜ್ ನಡೆಸುವವರು: ಸರ್, ಸಾಮಾನ್ಯರ ಹಿಂದೆ ಬೀಳುವ ಇಲಾಖೆಯವರು ಅಂಗಡಿಗಳನ್ನು ಏಕೆ ಮುಟ್ಟುವುದಿಲ್ಲ? ಬುಲ್ ಬಾರ್, ಫಿಲ್ಮ್ ಎಲ್ಲವನ್ನೂ ಜಿಎಸ್‌ಟಿ ಬಿಲ್ ಕೊಟ್ಟು ಮಾರುತ್ತಾರೆ. ಮಾರುವುದು ತಪ್ಪಲ್ಲ, ಹಾಕಿಸಿಕೊಳ್ಳುವುದು ಮಾತ್ರ ತಪ್ಪು ಎಂದರೆ ಯಾವ ನ್ಯಾಯ?

ಶಾಲಾ ಶಿಕ್ಷಕಿ: ತಮ್ಮ ಗ್ಯಾರೇಜಿನಲ್ಲಿಯೂ ಬುಲ್ ಬಾರ್ ಕೂರಿಸಿಕೊಡುತ್ತೀರಲ್ಲವೇ? ನಮ್ಮ ಶಾಲೆಯ ಮುಂದೆ ಪಾದಚಾರಿಗೆ ಬಡಿದದ್ದು ಅಂತಹುದೇ ಕಬ್ಬಿಣ. ಬಂಪರ್ ಆಗಿದ್ದರೆ ಬಾಗುತ್ತಿತ್ತು.

ಗ್ಯಾರೇಜ್ ನಡೆಸುವವರು: ಗಿರಾಕಿ ಕೇಳಿದ್ದನ್ನು ಮಾಡುವುದು ನಮ್ಮ ಹೊಟ್ಟೆಪಾಡು, ಮೇಡಂ. ನಾನು ಒಲ್ಲೆನೆಂದರೆ ಪಕ್ಕದ ಗ್ಯಾರೇಜಿಗೆ ಹೋಗುತ್ತಾರೆ.

ಶಾಲಾ ಶಿಕ್ಷಕಿ: ಆ ಮಾತನ್ನು ಪಕ್ಕದ ಗ್ಯಾರೇಜಿನವರೂ ಹೇಳುತ್ತಾರೆ.

ನಿರೀಕ್ಷಕರು: ಬುಲ್ ಬಾರ್ ಹಾಕಿದ ವಾಹನಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ. ವಾದ ಸಾಕು. ಜೀಪಿನವರೇ, ಉತ್ತರ ಬರಲಿಲ್ಲ.

ಬೈಕಿನವರು: ಸೈಲೆನ್ಸರ್ ಬದಲಾಯಿಸಿ, ಹ್ಯಾಂಡಲ್ ಬದಲಾಯಿಸಿ, ಹಿಂದಿನ ಮಡ್‌ಗಾರ್ಡ್ ಕತ್ತರಿಸಿದ್ದೇನೆ. ಒಟ್ಟಿಗೆ ಒಂದೇ ದಂಡವೇ?

ನಿರೀಕ್ಷಕರು: 182ಎ ಕಲಂ ಓದಿ. ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ, ಅಥವಾ 6 ತಿಂಗಳವರೆಗೆ ಸೆರೆ, ಅಥವಾ ಎರಡೂ. ಎಣಿಕೆ ತಾವೇ ಮಾಡಿಕೊಳ್ಳಿ.

ಮತ್ತೊಬ್ಬ ಸದಸ್ಯರು: ಸರ್, ಸಿಎನ್‌ಜಿ ಹಾಕಿಸಿ ಆರ್‌ಸಿಯಲ್ಲಿ ನಮೂದಿಸದಿದ್ದರೆ ಏನಾಗುತ್ತದೆ?

ನಿರೀಕ್ಷಕರು: ಮೊದಲ ಪ್ರಶ್ನೆಯನ್ನೇ ಓದಿ.

ಹಳೆಯ ಕಾರಿನವರು: 15 ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಹೋಗಬೇಕಾಗಿದೆ. ಎಮಿಷನ್ ಟೆಸ್ಟ್‌ಗೆ ಮುನ್ನ ಟ್ಯಾಂಕಿಗೆ ಅರ್ಧ ಲೀಟರ್ ಥಿನ್ನರ್ ಸುರಿದರೆ ಹೊಗೆ ಶುದ್ಧವಾಗುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಎಷ್ಟು ನಿಜ?

ನಿರೀಕ್ಷಕರು: ಥಿನ್ನರ್ ಬಣ್ಣ ಕರಗಿಸುವ ದ್ರವ, ಇಂಧನದ ಹೋಸ್, ಸೀಲ್‌ಗಳ ರಬ್ಬರನ್ನೂ ಅದು ಕೆಡಿಸುತ್ತದೆ. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲ್ ಸೋರಿದರೆ ಏನಾಗುತ್ತದೆಂದು ಆ ಸಂದೇಶ ಬರೆದವರಿಗೆ ಚಿಂತೆಯಿಲ್ಲ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಆಕ್ಸಿಜನ್ ಸೆನ್ಸರ್‌ಗಳನ್ನು ನೋಡಿಸಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಪರೀಕ್ಷೆ ಮಾಡಿಸಿ. ಇಂತಹ ಸಂದೇಶಗಳನ್ನು ಇನ್ನು ಮುಂದೆ ಇಲ್ಲಿ ಹಾಕುವವರಿಗೆ ನಾನು ಉತ್ತರಿಸುವುದಿಲ್ಲ.

ಸನ್‌ಫಿಲ್ಮ್ ಹಾಕಿಸಿದವರು: ನಾನು ಒಳ್ಳೆಯ ಉದ್ದೇಶದಿಂದ ಹಾಕಿದ್ದೆ. ಹಿರಿಯರೆಂದ ಮಾತ್ರಕ್ಕೆ ಹೀಗೆ ಗದರಿಸಬೇಕಾಗಿಲ್ಲ. ಚರ್ಮದ ಕಾಯಿಲೆಯಿರುವ ನನ್ನ ತಾಯಿಗೆ ಬಿಸಿಲು ಆಗುವುದಿಲ್ಲ, ಅದಕ್ಕೆ ಪರಿಹಾರ ಹೇಳಿ.

ಗ್ಯಾರೇಜ್ ನಡೆಸುವವರು: ಇಲಾಖೆಯಲ್ಲಿದ್ದವರ ಬಳಿ ಪರಿಹಾರ ಎಲ್ಲಿರುತ್ತದೆ, ಕಲಂ ಮಾತ್ರ ಇರುತ್ತದೆ.

ಅಲಾಯ್ ವೀಲ್‌ನವರು: ನನ್ನ ಕಾರಿಗೆ ಒಂದು ಇಂಚು ದೊಡ್ಡ ಅಲಾಯ್ ಹಾಕಿದ್ದೇನೆ, ಹೊರಗಿನ ವ್ಯಾಸ ಹೆಚ್ಚುಕಡಿಮೆ ಅಷ್ಟೇ ಇದೆ. ಇದು ಮಾರ್ಪಾಡೇ?

ಹೆಡ್‌ಲೈಟ್ ಬದಲಿಸಿದವರು: ಹ್ಯಾಲೊಜನ್ ತೆಗೆದು ಎಲ್‌ಇಡಿ ಬಲ್ಬ್ ಹಾಕಿದ್ದಕ್ಕೆ ದಂಡ ಹಾಕಿದರು. ಬೆಳಕು ಹೆಚ್ಚಾದರೆ ಸುರಕ್ಷತೆಯೇ ಅಲ್ಲವೇ?

ನಿರೀಕ್ಷಕರು: ತಮಗೆ ಬೆಳಕು, ಎದುರಿನಿಂದ ಬರುವವರಿಗೆ ಕುರುಡು. ಹ್ಯಾಲೊಜನ್ ತಂತು ಇರುವ ಜಾಗಕ್ಕೆ ಲೆಕ್ಕಹಾಕಿ ಮಾಡಿದ ರಿಫ್ಲೆಕ್ಟರ್ ಅದು; ಬೆಳಕಿನ ಮೂಲ ಸ್ವಲ್ಪ ಆಚೀಚೆಯಾದರೂ ಡಿಮ್‌ನಲ್ಲಿಯೇ ಬೆಳಕು ಮೇಲಕ್ಕೆ ಚೆಲ್ಲುತ್ತದೆ.

ಇನ್ನೊಬ್ಬ ಸದಸ್ಯರು: ಸಿಎನ್‌ಜಿ ಹಾಕಿಸಿದ ಮೇಲೆ ಆರ್‌ಸಿ…

ನಿರೀಕ್ಷಕರು: ಮೇಲೆ ಓದಿ.

ನಿರ್ವಾಹಕರು: ಗ್ಯಾರೇಜಿನವರು ಮತ್ತು ಸನ್‌ಫಿಲ್ಮ್‌ನವರು ಪರಸ್ಪರ ಹಾಕಿಕೊಂಡ ಏಳು ಸಂದೇಶಗಳನ್ನು ಅಳಿಸಿದ್ದೇನೆ. ವಿಷಯಕ್ಕೆ ಬನ್ನಿ.

ನಿರೀಕ್ಷಕರು: ಜೀಪಿನವರೇ, ಮೂರನೆಯ ಬಾರಿ ಕೇಳುತ್ತಿದ್ದೇನೆ.

ಹಳೆಯ ಜೀಪಿನವರು: ಕ್ಷಮಿಸಿ ಸರ್, ಗ್ಯಾರೇಜಿನಲ್ಲಿದ್ದೆ. ತಮ್ಮ ಉತ್ತರ ಓದಿದ ಮೇಲೆ ಓಡಿಸದೆ, ಟೋಯಿಂಗ್ ವಾಹನದಲ್ಲಿಯೇ ತಂದೆ. ತಾವು ಹೇಳಿದಂತೆ ಚಕ್ರಗಳನ್ನು ಜೋತುಬೀಳಿಸಿ ನೋಡಿದಾಗ ಮುಂದಿನ ಎಡಗಡೆಯ ಹೋಸ್ ತಂತಿಯಂತೆ ಬಿಗಿಯಾಗಿತ್ತು, ಟೈರ್ ಉಜ್ಜಿದ ಜಾಗದಲ್ಲಿ ಹೊರಗಿನ ರಬ್ಬರ್ ಹೋಗಿ ಒಳಗಿನ ನೂಲು ಕಾಣುತ್ತಿದೆ. ಸ್ಪ್ರಿಂಗ್, ಟೈರ್, ಹೋಸ್ ಎಲ್ಲವನ್ನೂ ಮೂಲ ಅಳತೆಗೆ ತರಿಸಿ, ವಾಲ್ವಿನ ಕಡ್ಡಿಯನ್ನು ಕಂಪನಿಯ ಅಳತೆಗೇ ಹೊಂದಿಸಲು ಹೇಳಿದ್ದೇನೆ. ಆ ನಾಲ್ಕು ದೊಡ್ಡ ಟೈರ್‌ಗಳು ಇನ್ನೂ ಹೊಸದಾಗಿಯೇ ಇವೆ. ಯಾರಿಗಾದರೂ ಬೇಕಿದ್ದರೆ ತಿಳಿಸಿ.

ನಿರೀಕ್ಷಕರು: ಬ್ರೇಕ್ ಹೋಸ್‌ಗಳನ್ನೆಲ್ಲ ಬದಲಾಯಿಸಿ, ಬ್ರೇಕ್ ಆಯಿಲ್ ಹೊಸದು ಹಾಕಿಸಿ ಅದರೊಳಗೆ ಸೇರಿದ ಗಾಳಿ ತೆಗೆಸಿ. ಟೈರ್ ಮಾರಾಟ ಇಲ್ಲಿ ಬೇಡ.