ಅಪ್‌ಡೇಟ್: ಸ್ಪೇನ್‌ನ ಸಲಮಾಂಕಾ ಊರಿಗೆ ಬಂದು ಸೆಟ್ಲ್ ಆದೆ

ಸ್ಪೇನ್‌ಗೆ ಒಂದು ವರ್ಷ ಸ್ಪ್ಯಾನಿಷ್ ಓದೋಕೆ ಹೋಗ್ತಿದೀನಿ, ಹಾಸ್ಟೆಲ್ ತಗೊಳ್ಳಲಾ ಇಲ್ಲಾ ಅಲ್ಲಿನವರ ಮನೇಲಿ ಇರಲಾ ಅಂತ ಕೇಳಿದ್ನಲ್ಲ, ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್. ಮನೇಲೇ ಇದೀನಿ, ಅದೇ ಸರಿ ಅಂತ ಈಗ ಗಟ್ಟಿಯಾಗಿ ಹೇಳ್ತೀನಿ. ಮಧ್ಯಾಹ್ನದ ಊಟ ಎರಡೂವರೆ ಮೂರಕ್ಕೆ, ರಾತ್ರಿದು ಒಂಬತ್ತು ದಾಟಿದ್ಮೇಲೆ, ತಿಂದಾದ್ಮೇಲೂ ಯಾರೂ ಏಳಲ್ಲ, ಮನೆ ಅಜ್ಜಿ ಮಾತಾಡ್ತಾನೇ ಇರ್ತಾರೆ, ನಂಗೆ ಭಾಷೆ ಬಂದಿದ್ದೇ ಅಲ್ಲಿ. ಸಸ್ಯಾಹಾರಿಗಳು ಮೊದ್ಲೇ ಬಿಡಿಸಿ ಹೇಳಿ, ಇಲ್ಲಿ ಬೇಳೆ ಸಾರಿನ ತರದ ಲೆಂತೇಖಾಸ್‌ಗೂ ಚೊರಿಸೊ ಮಾಂಸ ಹಾಕೋದು ಮಾಮೂಲು.

ಪೇಪರ್ ಕೆಲಸದ ಬಗ್ಗೆ ತುಂಬಾ ಜನ ಕೇಳಿದ್ರಿ. ಆರು ತಿಂಗಳಿಗಿಂತ ಜಾಸ್ತಿ ಇರೋದಾದ್ರೆ ವೀಸಾಗೆ ಪೊಲೀಸ್ ಕ್ಲಿಯರೆನ್ಸ್ ಬೇಕು, ಅದಕ್ಕೆ ಅಪಾಸ್ಟಿಲ್ (ದಾಖಲೆ ಅಸಲಿ ಅಂತ ಬೇರೆ ದೇಶದಲ್ಲೂ ಒಪ್ಪೋ ಸರ್ಕಾರಿ ಮುದ್ರೆ), ಆಮೇಲೆ ಸ್ಪ್ಯಾನಿಷ್ ಅನುವಾದ, ಇದೆಲ್ಲಾ ಇಂಡಿಯಾದಲ್ಲಿದ್ದಾಗ್ಲೇ ಮುಗಿಸ್ಬೇಕು. ಇಲ್ಲಿಗೆ ಬಂದ್ಮೇಲೆ ಒಂದು ತಿಂಗಳೊಳಗೆ ಟಿಐಇ ಕಾರ್ಡ್‌ಗೆ (ವಿದೇಶಿಯರಿಗೆ ಇಲ್ಲಿ ಕೊಡೋ ಗುರುತಿನ ಚೀಟಿ) ಅಪ್ಲೈ ಮಾಡ್ಬೇಕು, ಅದಕ್ಕೂ ಮುಂಚೆ ಪುರಸಭೆಲಿ ವಿಳಾಸ ರಿಜಿಸ್ಟರ್ ಮಾಡ್ಸಿಬಿಡಿ. ಆ ಕಾರ್ಡ್‌ಗೆ ಬೆರಳಚ್ಚು ಕೊಡೋಕೆ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಹಾಗಾಗಿ ಬಂದ ವಾರದಲ್ಲೇ ಆನ್‌ಲೈನ್ ಹುಡುಕೋಕೆ ಶುರು ಮಾಡಿ ದಯವಿಟ್ಟು.

ಊರಂತೂ ತುಂಬಾ ಇಷ್ಟ ಆಗಿದೆ. ಯೂನಿವರ್ಸಿಟಿ 1218ರದ್ದು, ಸಂಜೆ ಬಿಸಿಲಿಗೆ ಕಲ್ಲಿನ ಕಟ್ಟಡಗಳೆಲ್ಲಾ ಹೊಂಬಣ್ಣಕ್ಕೆ ತಿರುಗತ್ತೆ. ವರ್ಷ ಮುಗಿಯೋದ್ರೊಳಗೆ ಡೆಲೆ ಅನ್ನೋ ಸ್ಪ್ಯಾನಿಷ್ ಭಾಷಾ ಪರೀಕ್ಷೆಯ ಬಿ2 ಹಂತ ಬರೀತೀನಿ, ಬರ್ದಿರೋರು ಇದ್ರೆ ಮಾತಾಡೋ ಭಾಗಕ್ಕೆ ಹೇಗೆ ತಯಾರಿ ಮಾಡಿದ್ರಿ ಹೇಳಿ.