ಮಕ್ಕಳ ಆಪ್ತಸಮಾಲೋಚಕಿಗೆ ಕೇಳಿ: ಶಿರಸಿ ಅಪ್ಪ-ಅಮ್ಮಂದಿರ ಗುಂಪು

ಅಡ್ಮಿನ್: ಮಕ್ಕಳ ಮತ್ತು ಕುಟುಂಬದ ಆಪ್ತಸಮಾಲೋಚಕಿ, ನಮ್ಮೂರಿನವರೇ, ಇವತ್ತು ಸಂಜೆ ಗುಂಪಿನಲ್ಲಿ ಇರುತ್ತಾರೆ. ಮಗುವಿನ ಹೆಸರು, ಶಾಲೆ ಹೆಸರು ಬರೆಯಬೇಡಿ.

ಕೆಳಗಿನಮನೆ: ಮೇಡಂ, ಮಗನಿಗೆ ಎರಡೂವರೆ ವರ್ಷ. ಅಮ್ಮ ಅನ್ನೋದು ಬಿಟ್ಟರೆ ಮಾತಿಲ್ಲ. ಬಜೆ ತೇದು ನಾಲಿಗೆಗೆ ಹಚ್ಚಿ ಅಂತ ಮೆಸೇಜ್ ಬಂದಿದೆ. ಹಚ್ಚಬಹುದಾ?

ಸಮಾಲೋಚಕಿ: ಬೇಡ. ಜಾಸ್ತಿಯಾದರೆ ವಾಂತಿ ಬರುತ್ತದೆ, ಮಾತು ಬರುವುದಿಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಇರುವುದು. ಅಷ್ಟು ದೂರ ಆಗದಿದ್ದರೆ ಹುಬ್ಬಳ್ಳಿಯಲ್ಲಿ ತೋರಿಸಿ.

ಹೊಳೆಬಾಗಿಲು: ನನ್ನ ಮಗಳಿಗೂ ಮಾತು ತಡ. ಮೂರು ವರ್ಷ. ಬಜೆ ಜೊತೆ ಜೇನು ಸೇರಿಸಿದರೆ?

ಸಮಾಲೋಚಕಿ: ಮೇಲೆ ಹೇಳಿದ್ದೇನೆ. ಕಿವಿ ಪರೀಕ್ಷೆ.

ಪೇಟೆಮನೆ: ಹತ್ತನೇ ಕ್ಲಾಸಿನ ಮಗ ರಾತ್ರಿ ಎರಡರವರೆಗೆ ಗೇಮ್ ಆಡ್ತಾನೆ. ಏನು ಮಾಡಲಿ?

ಹೆಸರು ಬೇಡ (ಅಡ್ಮಿನ್ ಮೂಲಕ): ಮಗನಿಗೆ ಒಂಬತ್ತು ವರ್ಷ. ಹಾಸಿಗೆ ಒದ್ದೆ ಮಾಡುವುದು ನಾಲ್ಕನೇ ವರ್ಷಕ್ಕೇ ನಿಂತಿತ್ತು. ಎರಡು ತಿಂಗಳಿಂದ ಮತ್ತೆ ಶುರುವಾಗಿದೆ. ನಾವು ಏಳುವ ಮೊದಲೇ ಚಾದರ ತೊಳೆದು ಬಚ್ಚಲ ಹಿಂದೆ ಹರವಿರುತ್ತಾನೆ. ಅವರಪ್ಪ ದಿನಾ ಬೈತಾರೆ.

ಸಮಾಲೋಚಕಿ: ಬೈಗುಳ ಇವತ್ತೇ ನಿಲ್ಲಬೇಕು. ಕದ್ದು ಚಾದರ ತೊಳೆಯುವ ಹುಡುಗನಿಗೆ ಆಗಲೇ ಸಾಕಷ್ಟು ನಾಚಿಕೆ ಆಗಿದೆ. ಚಿಕ್ಕಂದಿನಿಂದ ನಿಲ್ಲದೇ ಇರುವುದು ಬೇರೆ, ವರ್ಷಗಟ್ಟಲೆ ನಿಂತು ಮತ್ತೆ ಶುರುವಾಗುವುದು ಬೇರೆ. ಮೊದಲು ನನ್ನ ಹತ್ತಿರ ಅಲ್ಲ, ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆ ಮಾಡಿಸಿ. ನೀರಡಿಕೆ ಜಾಸ್ತಿ, ತೂಕ ಇಳಿದಿದೆ ಅಂತಾದರೆ ನಾಳೆವರೆಗೂ ಕಾಯಬೇಡಿ, ಮಕ್ಕಳಿಗೂ ಡಯಾಬಿಟಿಸ್ ಬರುತ್ತದೆ. ಕಕ್ಕಸು ಸರಿಯಾಗಿ ಆಗುತ್ತಿದೆಯಾ ನೋಡಿ. ಮಲ ಕಟ್ಟಿದರೂ ಹೀಗಾಗುತ್ತದೆ.

ಇದೆಲ್ಲ ಸರಿಯಿದ್ದರೆ, ಎರಡು ತಿಂಗಳ ಹಿಂದೆ ಏನು ಬದಲಾಯಿತು ಯೋಚಿಸಿ. ಹೊಸ ಶಾಲೆಯಾ, ವ್ಯಾನಾ, ಮನೆಯಲ್ಲಿ ಜಗಳವಾ, ಯಾರಾದರೂ ಬಂದು ಉಳಿದರಾ, ಅವನು ಮಲಗುವ ಕೋಣೆ ಬದಲಾಯಿತಾ? ಅವನನ್ನು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಉತ್ತರ ಇಲ್ಲಿ ಬರೆಯಲೂ ಬೇಡಿ, ಫೋನ್ ಮಾಡಿ. ನೀವು ಹೇಳಿದ್ದು ನಮ್ಮಮ್ಮನಿಗೂ ಗೊತ್ತಾಗುವುದಿಲ್ಲ. ಒಂದನ್ನು ಬಿಟ್ಟು. ಮಗುವಿನ ಮೈಮೇಲೆ ಯಾರೋ ಕೈ ಹಾಕಿದ್ದಾರೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ನನ್ನ ಸ್ವಂತ ಮಾವನೇ ಆದರೂ ಅಷ್ಟೇ.

ತೋಟದಮನೆ: ಮಲಗುವ ಮುಂಚೆ ಎಳ್ಳು ಬೆಲ್ಲ ತಿನ್ನಿಸಿ, 21 ದಿನ. ಗುಣ ಗ್ಯಾರಂಟಿ. ಫಾರ್ವರ್ಡ್ ಬಂದದ್ದು.

ಸಮಾಲೋಚಕಿ: ಸಕ್ಕರೆ ಪರೀಕ್ಷೆ ಮಾಡಿಸಿ ಅಂದ ಮಗುವಿಗೆ ಬೆಲ್ಲ ತಿನ್ನಿಸಿ ಅಂತೀರಲ್ಲ. ಓದಿಯಾದರೂ ಕಳಿಸಿ.

ಗದ್ದೆಮನೆ: ತಂಗಿ, ಪೊಲೀಸು ಎಲ್ಲ ಯಾಕೆ? ಇಂಥದ್ದನ್ನು ಹಿರಿಯರು ಕೂತು ಬಗೆಹರಿಸ್ತಿದ್ದರು. ಮನೆತನದ ಮರ್ಯಾದೆ ಅಂತ ಇರುತ್ತೆ.

ಕೆಳಗಿನಮನೆ: ಬಗೆಹರಿಸಿದ್ದು ನೋಡಿದ್ದೇವೆ. ಹುಡುಗಿಯನ್ನು ಅಜ್ಜನಮನೆಗೆ ಕಳಿಸಿದರು. ಮಾಡಿದವ ಇಲ್ಲೇ ಆರಾಮಾಗಿದ್ದ.

ಗದ್ದೆಮನೆ: ಯಾರ ಮನೆ ವಿಷಯ ಹೇಳ್ತಿದ್ದೀಯ ನೀನು?

ಕೆಳಗಿನಮನೆ: ನಿಮಗ್ಯಾಕೆ ಚುಚ್ಚಿತು?

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇಲ್ಲಾಂದ್ರೆ ತೆಗೆದುಹಾಕ್ತೇನೆ.

ಸಮಾಲೋಚಕಿ: ಗೊತ್ತಿದ್ದೂ ಮುಚ್ಚಿಟ್ಟವರಿಗೆ ಆರು ತಿಂಗಳವರೆಗೆ ಜೈಲು ಆಗಬಹುದು ಅಣ್ಣ. ಕೂತು ಬಗೆಹರಿಸಿದ ಹಿರಿಯರಿಗೂ.

ಮೇಲಿನಕೇರಿ: ನಮ್ಮ ಭಾವನ ಮಗಳು ಹೋದ ವಾರ ನಿನ್ನ ಹತ್ತಿರ ಬಂದಿದ್ದಳಂತೆ. ಏನಾಗಿದೆ ಅವಳಿಗೆ? ಮದುವೆ ಮಾತು ನಡೀತಿದೆ, ಅದಕ್ಕೆ ಕೇಳಿದ್ದು.

ಸಮಾಲೋಚಕಿ: ಬಂದಿದ್ದಾಳೆ ಅಂತಲೂ ಹೇಳಲ್ಲ, ಬಂದಿಲ್ಲ ಅಂತಲೂ ಹೇಳಲ್ಲ. ಮಾರಿಕಾಂಬೆ ಜಾತ್ರೆಯಲ್ಲಿ ಎದುರು ಸಿಕ್ಕರೂ ನಾನಾಗಿ ಯಾರನ್ನೂ ಮಾತಾಡಿಸುವುದಿಲ್ಲ. ಇವರಿಗೆ ಅವಳು ಹೇಗೆ ಪರಿಚಯ ಅಂತ ಪಕ್ಕದವರು ಕೇಳ್ತಾರೆ. ಧಿಮಾಕು ಅಂದವರಿದ್ದಾರೆ, ಅನ್ನಲಿ.

ಮೇಲಿನಕೇರಿ: ನಮ್ಮನೆ ಅಂಗಳದಲ್ಲಿ ಆಡಿ ಬೆಳೆದವಳು ನೀನು. ನಮಗೇ ಕಾನೂನು ಹೇಳ್ತೀಯಾ?

ಸಮಾಲೋಚಕಿ: ಹೌದು ಅತ್ತೆ.

ತೋಟದಮನೆ: ಹಾಗಿದ್ದರೆ ಅಂತ್ರ ಕಟ್ಟಿಸುವುದು? ಒಬ್ಬರ ನಂಬರ್ ಬಂದಿದೆ, ಹಾಕಲಾ?

ಸಮಾಲೋಚಕಿ: ಹಾಕಬೇಡಿ. ಅಡ್ಮಿನ್, ನಾನು ಹೊರಟೆ. ಮಗುವಿಗೆ ಅಪಾಯ ಇದ್ದರೆ 1098. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಊರಿನವಳ ಹತ್ತಿರ ಹೇಳಲು ಸಂಕೋಚ ಇರುವವರಿಗೆ ಅದೇ ಒಳ್ಳೆಯದು. ಚಾದರದ ಹುಡುಗನ ಅಮ್ಮ, ನಿಮ್ಮ ಫೋನಿಗೆ ಕಾಯ್ತಿರ್ತೇನೆ.

ಪೇಟೆಮನೆ: ಮೇಡಂ, ಗೇಮ್ ಪ್ರಶ್ನೆ ನಂದು. ಮಿಸ್ ಆಯ್ತಾ?