ಮಾಂಸಕ್ಕೂ ತುಪ್ಪಳಕ್ಕೂ ಬೀವರ್ ಹಿಡಿಯಲು ಹೊಸಬರು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ, ಸಡ್‌ಬರಿಯಿಂದ (ಒಂಟಾರಿಯೊ, ಕೆನಡಾ):
ಎಲ್ಲರಿಗೂ ನಮಸ್ಕಾರ. ಪರಿಚಯದ ರೈತರೊಬ್ಬರ ಜಮೀನಿನ ತೊರೆಗೆ ಬೀವರ್‌ಗಳು (ನೀರಿನಲ್ಲಿ ಬದುಕುವ ದೊಡ್ಡ ದಂಶಕಗಳು) ಒಡ್ಡು ಕಟ್ಟಿವೆ, ರಸ್ತೆಯ ಮೋರಿ ಮುಚ್ಚಿ ಹುಲ್ಲುಗಾವಲಿನಲ್ಲೆಲ್ಲ ನೀರು ನಿಂತಿದೆ. ಬಂದು ಹಿಡಿಯಿರಿ ಅಂದಿದ್ದಾರೆ. ಮೀನು, ಜಿಂಕೆ ಬಿಡಿಸಿ ಅಭ್ಯಾಸವಿದೆ, ಟ್ರ್ಯಾಪ್ ಮಾತ್ರ ಹೊಸದು. ಚರ್ಮ, ಮಾಂಸ ಎರಡೂ ಹಾಳಾಗಬಾರದು. ಲೈಸೆನ್ಸ್, ಸಾಮಾನು, ಒಡ್ಡುವ ಕ್ರಮ, ಆಮೇಲಿನ ಕೆಲಸ, ಗೊತ್ತಿದ್ದವರು ಹೇಳಿ.

ನಾರ್ತ್ ಬೇಯಿಂದ:
ಮೊದಲು ಕಾಗದಪತ್ರ. ಒಂಟಾರಿಯೊದಲ್ಲಿ ಹೊಸ ಲೈಸೆನ್ಸ್ ಬೇಕಾದವರು ತುಪ್ಪಳದ ಪ್ರಾಣಿಗಳ ಹಿಡಿಯುವಿಕೆ ಮತ್ತು ನಿರ್ವಹಣೆಯ ಕೋರ್ಸ್ ಮುಗಿಸಿ ಪರೀಕ್ಷೆ ಪಾಸಾಗಬೇಕು. ಖಾಸಗಿ ಜಮೀನಾದರೆ ಮಾಲೀಕರ ಲಿಖಿತ ಅನುಮತಿ ಬೇಕು, ಬಾಯಿಮಾತು ಸಾಲದು. ಸರ್ಕಾರಿ ಜಾಗವನ್ನು ನೋಂದಾಯಿತ ಟ್ರ್ಯಾಪ್‌ಲೈನ್‌ಗಳಾಗಿ (ಟ್ರ್ಯಾಪ್ ಇಡಲು ಒಬ್ಬೊಬ್ಬರಿಗೆ ಗೊತ್ತುಮಾಡಿದ ಪ್ರದೇಶ) ಹಂಚಿಬಿಟ್ಟಿದ್ದಾರೆ, ಅಲ್ಲಿಗೆ ನೀವಾಗಿ ನುಗ್ಗುವ ಹಾಗಿಲ್ಲ. ಆದರೆ ಲೈನ್ ಇರುವ ಹಿರಿಯರೊಬ್ಬರ ಕೈಕೆಳಗೆ ಹೆಲ್ಪರ್ ಲೈಸೆನ್ಸ್ ಮಾಡಿಸಿಕೊಳ್ಳಬಹುದು. ಹೊಸಬರಿಗೆ ಅದಕ್ಕಿಂತ ಒಳ್ಳೆ ದಾರಿ ಇಲ್ಲ.

ಟ್ರ್ಯಾಪ್ ಕೊಳ್ಳುವಾಗ ಕೆನಡಾದ ಫರ್ ಇನ್‌ಸ್ಟಿಟ್ಯೂಟ್ ಪ್ರಕಟಿಸುವ ಪ್ರಮಾಣಿತ ಪಟ್ಟಿಯಲ್ಲಿ ಆ ಮಾದರಿ ಇದೆಯೇ ನೋಡಿ. ಕೆನಡಾ, ಯುರೋಪಿಯನ್ ಒಕ್ಕೂಟ, ರಷ್ಯಾ ಸೇರಿ 1997–98ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ, ಪ್ರಾಣಿಯನ್ನು ನರಳಿಸದೆ ಬೇಗ ಸಾಯಿಸುತ್ತದೆ ಎಂದು ಪರೀಕ್ಷೆಯಲ್ಲಿ ತೇರ್ಗಡೆಯಾದ ಟ್ರ್ಯಾಪ್‌ಗಳಷ್ಟೇ ನಡೆಯುತ್ತವೆ. ಬೀವರ್ ಆ ಒಪ್ಪಂದಕ್ಕೆ ಒಳಪಟ್ಟ ಪ್ರಾಣಿಗಳಲ್ಲಿ ಒಂದು.

ಇನ್ನೊಂದು ಮಾತು. ಬೆಳೆ, ರಸ್ತೆ ಹಾಳಾಗುತ್ತಿದೆ ಎಂದು ಬೇಸಿಗೆಯಲ್ಲಿ ತೆಗೆಸಿದ ಬೀವರ್‌ನ ತುಪ್ಪಳಕ್ಕೆ ಬೆಲೆಯೇ ಇಲ್ಲ. ರೈತರು ತಡೆದುಕೊಳ್ಳುವುದಾದರೆ ನವೆಂಬರ್ ಕೊನೆಯವರೆಗೆ ಬಿಡಿ. ಚಳಿ ಹಿಡಿದ ಮೇಲೆ ಒಳಗೂದಲು ದಟ್ಟವಾಗುತ್ತದೆ, ಚರ್ಮದ ಒಳಮೈ ನೀಲಿ ಹೋಗಿ ಬಿಳಿಯಾಗುತ್ತದೆ.

ಥಂಡರ್ ಬೇಯಿಂದ:
ಸಾಮಾನು ಜಾಸ್ತಿ ಬೇಡ. 330 ನಂಬರಿನ ಕಾನಿಬೇರ್ (ಮೈಯನ್ನೇ ಅದುಮಿ ಸಾಯಿಸುವ ಚೌಕ ಟ್ರ್ಯಾಪ್) ಆರು, ಸ್ಪ್ರಿಂಗ್ ಒತ್ತುವ ಉದ್ದ ಹಿಡಿಯ ಇಕ್ಕಳ ಒಂದು, ಸೇಫ್ಟಿ ಗ್ರಿಪ್ಪರ್ ಒಂದು, 3 ಮಿ.ಮೀ. ತಂತಿ, ಕೈಗೊಡಲಿ, ಎದೆಮಟ್ಟದ ವೇಡರ್ (ನೀರಿಗಿಳಿಯಲು ತೊಡುವ ಉಡುಪು), ಮೊಣಕೈ ದಾಟುವ ರಬ್ಬರ್ ಕೈಗವಸು. 330ರ ಬಾಯಿ ಅಗಲ 25 ಸೆಂ.ಮೀ. ಎರಡು ಸ್ಪ್ರಿಂಗ್ ಸೇರಿ ಮುಂಗೈ ಮೂಳೆ ಮುರಿಯುವಷ್ಟು ಜೋರಿರುತ್ತದೆ. ಆದ್ದರಿಂದ ಸೊಂಟದಲ್ಲಿ ಒಂದೂವರೆ ಮೀಟರ್ ಗಟ್ಟಿ ಹಗ್ಗ ಯಾವಾಗಲೂ ಇರಲಿ, ಒಂದು ತುದಿಗೆ ಬೂಟು ತೂರುವಷ್ಟು ಕುಣಿಕೆ. ಕೈ ಸಿಕ್ಕಿಕೊಂಡರೆ ಕುಣಿಕೆಯನ್ನು ಬೂಟಿಗೆ ಹಾಕಿ, ಇನ್ನೊಂದು ತುದಿಯನ್ನು ಒಂದು ಸ್ಪ್ರಿಂಗ್‌ನ ಎರಡೂ ಬಳೆಗಳೊಳಗೆ ಎರಡು ಸುತ್ತು ತೂರಿಸಿ ಬಿಡುವಿರುವ ಕೈಯಿಂದ ಮೇಲಕ್ಕೆಳೆಯಿರಿ. ಸ್ಪ್ರಿಂಗ್ ಅದುಮಿದ ತಕ್ಷಣ ಕೊಕ್ಕೆ ಸಿಕ್ಕಿಸಿ, ಎರಡನೆಯದಕ್ಕೂ ಹಾಗೇ ಮಾಡಿ. ಇದನ್ನು ಮನೆಯಲ್ಲಿ, ಟ್ರ್ಯಾಪ್‌ಗೆ ದಪ್ಪ ಕೊರಡು ಕೊಟ್ಟು, ಒಂದೇ ಕೈಯಲ್ಲಿ ಹತ್ತಾರು ಸಲ ಮಾಡಿ ನೋಡಿ. ನೀರಿಗಿಳಿದ ಮೇಲೆ ಕಲಿಯುವ ವಿದ್ಯೆ ಅಲ್ಲ.

ಹೊಸ ಟ್ರ್ಯಾಪ್‌ನ ಎಣ್ಣೆ ಹೋಗುವಂತೆ ಬಟ್ಟೆ ಸೋಡಾ ಹಾಕಿದ ನೀರಲ್ಲಿ ಕುದಿಸಿ, ಹೊರಗೆ ನೇತುಹಾಕಿ. ತೆಳುವಾಗಿ ತುಕ್ಕು ಹಿಡಿದರೆ ಹೊಳಪು ಹೋಗುತ್ತದೆ. ಮೇಣ ಮಾತ್ರ ಹಚ್ಚಬೇಡಿ. ಕಾಲು ಹಿಡಿಯುವ ಟ್ರ್ಯಾಪ್‌ಗೆ ಹಚ್ಚುವುದನ್ನು ನೋಡಿ ಇದಕ್ಕೂ ಬಳಿಯುವವರಿದ್ದಾರೆ. ಬಳಿದರೆ ಟ್ರಿಗರ್ ಜಾರಿ, ಇಡುವಾಗಲೇ ಕೈಮೇಲೆ ಬೀಳುತ್ತದೆ.

ಈಗ ಜಾಗ. ಹೊಸಬರು ಒಡ್ಡು ಕಂಡ ಕೂಡಲೇ ಅದರ ಮೇಲೇ ಟ್ರ್ಯಾಪ್ ಇಡುತ್ತಾರೆ. ಒಡ್ಡಿನ ಹತ್ತಿರ ಬೀವರ್ ದಿನಾ ಬರಬೇಕೆಂದಿಲ್ಲ, ಗೂಡಿನ ಬಾಯಿಗೆ ಮಾತ್ರ ಬರಲೇಬೇಕು. ಮೊದಲ ದಿನ ಟ್ರ್ಯಾಪ್ ಒಯ್ಯದೆ ದಡ ಪೂರ್ತಿ ಸುತ್ತಿ ಬನ್ನಿ. ಗೂಡಿನ ಮೇಲೆ ಹಸಿ ಕೆಸರು ಮೆತ್ತಿದೆಯೇ, ಪಕ್ಕದ ನೀರಿನಲ್ಲಿ ಹಸಿ ಕೊಂಬೆಗಳ ರಾಶಿ ಇದೆಯೇ ನೋಡಿ. ಆ ರಾಶಿ ಅವುಗಳ ಚಳಿಗಾಲದ ದಾಸ್ತಾನು. ಅದಿಲ್ಲದಿದ್ದರೆ ಗೂಡು ಎಷ್ಟೇ ದೊಡ್ಡದಿದ್ದರೂ ಖಾಲಿ ಎಂದೇ ಲೆಕ್ಕ. ಆಮೇಲೆ ನೀರೊಳಗಿನ ಓಡು ದಾರಿ ಹುಡುಕಿ. ದಡದಿಂದ ಗೂಡಿಗೆ, ಕೊಳದಿಂದ ಕೊಳಕ್ಕೆ, ಕೆಸರಿನಲ್ಲಿ ಕೊರೆದ ಕಾಲುವೆ ಇರುತ್ತದೆ. ಅದರ ತಳ ಗಟ್ಟಿಯಾಗಿದ್ದು ಎಲೆ, ಹೂಳು ಇಲ್ಲದಿದ್ದರೆ ಓಡಾಟ ಇದೆ. ಕಾಲಿಟ್ಟರೆ ಗೊತ್ತಾಗುತ್ತದೆ, ಅಕ್ಕಪಕ್ಕದಲ್ಲಿ ಹೂಳಿನೊಳಗೆ ಮೊಣಕಾಲವರೆಗೆ ಇಳಿಯುವ ಕಾಲು ಆ ದಾರಿಯಲ್ಲಿ ಇಳಿಯುವುದಿಲ್ಲ.

ಕಾಲುವೆ 30ರಿಂದ 40 ಸೆಂ.ಮೀ. ಆಳ, ಟ್ರ್ಯಾಪ್‌ಗಿಂತ ತುಸುವೇ ಅಗಲ ಇರುವ ಕಡೆ 330 ನಿಲ್ಲಿಸಿ. ಟ್ರ್ಯಾಪ್‌ನ ಮೇಲಂಚು ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗಿರಲಿ. ಎರಡೂ ಸ್ಪ್ರಿಂಗ್ ಬಳೆಗಳೊಳಗೆ ಒಂದೊಂದು ಕೋಲು ನೆಟ್ಟು ಅಲ್ಲಾಡದಂತೆ ಮಾಡಿ. ಸರಿಯಾಗಿ ಮೇಲೆ, ನೀರಿನ ಮಟ್ಟದಲ್ಲಿ, ತೋಳಿನ ದಪ್ಪದ ಒಣ ದಿಮ್ಮಿ ಅಡ್ಡ ಹಾಕಿ. ಮೇಲೆ ಈಜಿ ಬಂದ ಬೀವರ್ ದಿಮ್ಮಿ ಕಂಡು ಅದರಡಿ ಮುಳುಗುತ್ತದೆ, ನೇರ ಟ್ರ್ಯಾಪ್‌ಗೆ ಹೋಗುತ್ತದೆ. ಕಾಲುವೆ ಅಗಲವಾಗಿದ್ದರೆ ಎರಡು ಬದಿಗೂ ಒಣಕೋಲು ನೆಟ್ಟು ಕಿರಿದು ಮಾಡಿ. ಎಲ್ಲವೂ ಒಣ ಸ್ಪ್ರೂಸ್ ಇರಲಿ. ಹಸಿ ಆಸ್ಪೆನ್, ವಿಲೋ ನೆಟ್ಟರೆ ಬೀವರ್ ಕೋಲನ್ನೇ ಕಡಿದು ಒಯ್ಯುತ್ತದೆ, ಟ್ರ್ಯಾಪ್ ತಳ ಸೇರುತ್ತದೆ. ಸರಪಳಿಯನ್ನು ತಂತಿಯಿಂದ ದಡದ ಬೇರಿಗೋ ಮರಕ್ಕೋ ಕಟ್ಟಿ. ಸೇಫ್ಟಿ ಕೊಕ್ಕೆ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ.

ಟಿಮಿನ್ಸ್‌ನಿಂದ:
ಮೇಲಿನದು ನೀರು ತೆರೆದಿರುವಾಗಿನ ಮಾತು. ನಮ್ಮ ಕಡೆ ನವೆಂಬರ್‌ನಲ್ಲೇ ಹೆಪ್ಪುಗಟ್ಟುತ್ತದೆ, ಒಳ್ಳೆ ತುಪ್ಪಳ ಸಿಗುವುದೂ ಆಗಲೇ. ನಡೆಯಲು ಗಟ್ಟಿ ನೀಲಿ ಮಂಜುಗಡ್ಡೆ ಕನಿಷ್ಠ 15 ಸೆಂ.ಮೀ. ಬೇಕು. ಆದರೆ ಕೊಳದ ಮಧ್ಯೆ ಅಷ್ಟಿದ್ದರೂ ಗೂಡಿನ ಬಾಯಿ, ಓಡು ದಾರಿ, ಒಡ್ಡಿನ ಮೇಲ್ಭಾಗದಲ್ಲಿ ಅರ್ಧವೂ ಇರುವುದಿಲ್ಲ. ಬೀವರ್‌ಗಳ ಓಡಾಟ, ಅವು ಬಿಡುವ ಗಾಳಿಗುಳ್ಳೆ ಅಲ್ಲಿ ಮಂಜನ್ನು ತೆಳ್ಳಗೆ ಮಾಡುತ್ತವೆ. ಉಳಿ ಬಾಯಿಯ ಹಾರೆ ಹಿಡಿದು ಹೆಜ್ಜೆಗೊಮ್ಮೆ ಕುಟ್ಟಿ ನೋಡಿ ಮುಂದೆ ಹೋಗಿ, ಒಬ್ಬರೇ ಹೋಗಬೇಡಿ. ಅವೇ ಗುಳ್ಳೆಗಳು ಮಂಜಿನೊಳಗೆ ಬಿಳಿ ಸಾಲಾಗಿ ಸಿಕ್ಕಿಕೊಂಡಿರುತ್ತವೆ, ಹಿಮ ಸರಿಸಿ ನೋಡಿದರೆ ದಾರಿ ಎಲ್ಲಿದೆ ಎಂದು ತೋರಿಸುತ್ತವೆ.

ಒಣಗಿದ ಉದ್ದ ಗಳಕ್ಕೆ 330 ಕಟ್ಟಿ, ಅದರ ಮೇಲೆ ಹೆಬ್ಬೆರಳು ದಪ್ಪದ ಹಸಿ ಆಸ್ಪೆನ್ ಕೊಂಬೆಯನ್ನು ತಂತಿಯಿಂದ ಬಿಗಿಯಿರಿ. ತೊಗಟೆಯನ್ನು ಎರಡು ಮೂರು ಕಡೆ ಕೆರೆದರೆ ಬಿಳಿ ಕತ್ತಲಲ್ಲೂ ಕಾಣುತ್ತದೆ. ತಿಂಗಳಾನುಗಟ್ಟಲೆ ನೆನೆದ ದಾಸ್ತಾನಿನ ತೊಗಟೆ ತಿಂದು ಬೇಸತ್ತ ಬೀವರ್‌ಗೆ ತಾಜಾ ತೊಗಟೆಯ ಆಸೆ ದೊಡ್ಡದು. ಟ್ರ್ಯಾಪ್ ಮಂಜಿನ ತಳದಿಂದ 30 ಸೆಂ.ಮೀ.ಗಿಂತ ಕೆಳಗಿರಲಿ. ಇಲ್ಲವಾದರೆ ಎರಡು ರಾತ್ರಿಯಲ್ಲಿ ಮಂಜು ದಪ್ಪವಾಗಿ ದವಡೆಯನ್ನೇ ಹಿಡಿದುಕೊಳ್ಳುತ್ತದೆ, ಹೊಸಬರ ಟ್ರ್ಯಾಪ್ ಬೀಳದಿರಲು ಮೊದಲ ಕಾರಣ ಇದು. ರಂಧ್ರವನ್ನು ಸ್ಪ್ರೂಸ್ ಕೊಂಬೆ, ಹಿಮದಿಂದ ಮುಚ್ಚಿ. ಬೆಳಕು ಒಳಗೆ ಬೀಳುವುದಿಲ್ಲ, ಮರುದಿನ ಒಡೆಯುವುದೂ ಸುಲಭ.

ಒಂದು ಗೂಡಿನಲ್ಲಿ ತಂದೆ ತಾಯಿ, ಕಳೆದ ವರ್ಷದ ಮರಿ, ಈ ವರ್ಷದ ಮರಿ ಸೇರಿ ಸಾಮಾನ್ಯವಾಗಿ ನಾಲ್ಕರಿಂದ ಎಂಟು ಇರುತ್ತವೆ. ರೈತರಿಗೆ ತೊಂದರೆ ಕೊಡುವ ಗೂಡಾದರೆ ಪೂರ್ತಿ ತೆಗೆಯಬೇಕಾಗುತ್ತದೆ. ಕಾಡಿನೊಳಗಿನದಾದರೆ ಎರಡು ದೊಡ್ಡವು ಸಿಕ್ಕ ಮೇಲೆ ಟ್ರ್ಯಾಪ್ ಎತ್ತಿ ಮುಂದಿನ ಕೊಳಕ್ಕೆ ಹೋಗಿ, ಮುಂದಿನ ವರ್ಷಕ್ಕೂ ಬೀವರ್ ಬೇಕಲ್ಲ.

ಸೂ ಸೇಂಟ್ ಮರಿಯಿಂದ:
ವಸಂತದಲ್ಲಿ ಕಾಲು ಹಿಡಿಯುವ ಟ್ರ್ಯಾಪ್ ಕೂಡ ನಡೆಯುತ್ತದೆ ಅಂತ ಸೇರಿಸುತ್ತೇನೆ. ಎರಡು ವರ್ಷದ ಬೀವರ್‌ಗಳು ಗೂಡು ಬಿಟ್ಟು ಹೊರಡುವ ಕಾಲ ಅದು. ದಡದಲ್ಲಿ ಬೊಗಸೆ ಕೆಸರಿನ ಗುಪ್ಪೆ ಮಾಡಿ ಕ್ಯಾಸ್ಟರ್ (ಬೀವರ್‌ನ ಬಾಲದ ಬುಡದ ಚೀಲಗಳಲ್ಲಿರುವ ಕಡುವಾಸನೆಯ ದ್ರವ್ಯ) ಹಚ್ಚಿದರೆ, ಯಾರಪ್ಪಾ ನನ್ನ ಜಾಗಕ್ಕೆ ಬಂದವನು ಎಂದು ಹುಡುಕಿಕೊಂಡು ಬರುತ್ತವೆ. ಟ್ರ್ಯಾಪ್ ನೀರಿನೊಳಗೆ 20–25 ಸೆಂ.ಮೀ. ಆಳದಲ್ಲಿ, ಗುಪ್ಪೆಯ ನೇರಕ್ಕಲ್ಲ, ಒಂದು ಅಂಗೈಯಷ್ಟು ಪಕ್ಕಕ್ಕೆ ಇರಲಿ. ಹಿಂಗಾಲು ನೆಲ ಮುಟ್ಟುವುದು ಅಲ್ಲಿ. ಮುಂಗಾಲು ಸಣ್ಣದು, ಹಿಡಿದರೂ ಕಿತ್ತುಕೊಂಡು ಹೋಗುತ್ತದೆ.

ಆದರೆ ಈ ವಿಧಾನದಲ್ಲಿ ಪ್ರಾಣಿ ಬೇಗ ಮುಳುಗುವ ವ್ಯವಸ್ಥೆ ಇರಲೇಬೇಕು. ಕನಿಷ್ಠ ಒಂದು ಮೀಟರ್ ಆಳದ ನೀರು, ಆ ಕಡೆ 20 ಕೆ.ಜಿ. ಕಲ್ಲು ತುಂಬಿದ ಚೀಲ, ಅಲ್ಲಿಂದ ದಡಕ್ಕೆ ಬಿಗಿಯಾದ ಕೇಬಲ್, ಅದರ ಮೇಲೆ ಆಳದ ಕಡೆಗಷ್ಟೇ ಜಾರುವ ಲಾಕ್. ಲಾಕ್ ತಿರುವುಮುರುವು ಹಾಕುವುದು ಮಾಮೂಲಿ ತಪ್ಪು. ಕೈಯಲ್ಲಿ ಎಳೆದು ನೋಡಿ, ಹೋದದ್ದು ಹಿಂದೆ ಬರಬಾರದು. ಇದೆಲ್ಲ ನಾಜೂಕಿನ ಕೆಲಸ, ಮೊದಲ ವರ್ಷ 330 ಬಿಟ್ಟು ಬೇರೆ ಕೈಹಾಕಬೇಡಿ ಅಂತಲೇ ನನ್ನ ಅಭಿಪ್ರಾಯ.

ನಾರ್ತ್ ಬೇಯಿಂದ, ಮತ್ತೆ:
ಬಿಡಿಸುವ ವಿಚಾರ. ತಂದ ಬೀವರ್‌ನ ಮೇಲಿನ ಕೆಸರು ತೊಳೆದು, ಒರೆಸಿ, ತಲೆ ಮೇಲಾಗಿ ನೇತುಹಾಕಿ ಕೂದಲು ಒಣಗಿಸಿ. ಒದ್ದೆಯಲ್ಲಿ ಬಿಡಿಸಿದರೆ ಚಾಕು ಜಾರುತ್ತದೆ. ಬೀವರ್ ಚರ್ಮವನ್ನು ಮಿಂಕ್, ನರಿಯ ಹಾಗೆ ಚೀಲದಂತೆ ಎಳೆಯುವುದಿಲ್ಲ, ಬಿಚ್ಚಿ ಹರಡುತ್ತಾರೆ. ನಾಲ್ಕೂ ಪಾದ ಕೂದಲಿನ ಗಡಿಯಲ್ಲಿ ಕತ್ತರಿಸಿ, ಬಾಲ ಬುಡದಲ್ಲಿ ಬೇರೆ ಮಾಡಿ. ಗದ್ದದಿಂದ ಗುದದವರೆಗೆ ಒಂದೇ ನೇರ ಗೀಟು. ಕಾಲಿನ ಒಳಬದಿ ಸೀಳಬೇಡಿ, ಬಟನ್ ಬಿಚ್ಚಿದಂತೆ ಕಾಲನ್ನು ತೂತಿನಿಂದ ಒಳಗೆಳೆದು ಬಿಡಿಸಿ. ಬೀವರ್ ಚರ್ಮ ಜಿಂಕೆಯದ್ದರ ಹಾಗೆ ಕೈಯಿಂದ ಕಿತ್ತು ಬರುವುದಿಲ್ಲ, ಉದ್ದಕ್ಕೂ ಚಾಕುವೇ ಬೇಕು.

ಕೊಬ್ಬು, ಮಾಂಸದ ಪೊರೆ ಉಳಿದರೆ ಒಣಗುವಾಗ ಕೊಬ್ಬು ಚರ್ಮಕ್ಕಿಳಿದು ಸುಡುತ್ತದೆ, ಹದ ಮಾಡುವಾಗ ಅಲ್ಲೇ ಹರಿಯುತ್ತದೆ. ಇಳಿಜಾರು ದಿಮ್ಮಿಯ ಮೇಲೆ ಹಾಸಿ, ಎರಡು ಹಿಡಿಯ ಚಾಕುವಿನಿಂದ ತಳ್ಳಿ ತೆಗೆಯಿರಿ. ಕೂದಲಿನ ಬೇರು ಕಾಣುವಷ್ಟು ಆಳಕ್ಕೆ ಹೋಗಬೇಡಿ. ಆಮೇಲೆ ನಾಲ್ಕಡಿ ಚದರದ ಪ್ಲೈವುಡ್ ಮೇಲೆ, ತುಪ್ಪಳ ಕೆಳಗಾಗಿ ಹರಡಿ. ಮೂಗು, ಬಾಲದ ಬುಡ, ಎರಡು ಪಕ್ಕ ಈ ನಾಲ್ಕು ಕಡೆ ಮೊದಲು ಮೊಳೆ. ಆಮೇಲೆ ಇಂಚಿಗೊಂದರಂತೆ ಸುತ್ತಲೂ. ಆಕಾರ ತುಸು ಉದ್ದನೆಯ ದುಂಡು. ಕಾಲಿನ ತೂತುಗಳನ್ನು ಹೊಲಿಯಿರಿ ಅಥವಾ ಮೊಳೆಯಿಂದ ಮುಚ್ಚಿ. ಎಲ್ಲ ಮುಗಿದ ಮೇಲೆ ಚರ್ಮವನ್ನು ಮೊಳೆಯ ಮೇಲ್ಗಡೆಗೆ ಅರ್ಧ ಇಂಚು ಎತ್ತಿ, ಕೆಳಗೆ ಗಾಳಿ ಆಡಲಿ. 15–20 ಡಿಗ್ರಿಯ ಕೋಣೆಯಲ್ಲಿ ನಾಲ್ಕೈದು ದಿನ ಸಾಕು, ಒಲೆಯ ಪಕ್ಕ ಬೇಡ.

ಅಳತೆ ಉದ್ದ, ಅಗಲ ಇಂಚಿನಲ್ಲಿ ಕೂಡಿಸಿ. 34 ಮತ್ತು 31 ಸೇರಿ 65 ಆದರೆ ವ್ಯಾಪಾರದಲ್ಲಿ 'ಬ್ಲಾಂಕೆಟ್' ಎನ್ನುವ ದೊಡ್ಡ ದರ್ಜೆ. ಹಾಗೆಂದು ಎಳೆದೆಳೆದು 65 ಮಾಡಿದರೆ ಕೂದಲು ಬಿರುಸಾಗಿ ತೆಳ್ಳಗೆ ಕಾಣುತ್ತದೆ, ದರ್ಜೆ ಇಳಿಯುತ್ತದೆ. ಇಲ್ಲಿನ ಫರ್ ಹಾರ್ವೆಸ್ಟರ್ಸ್ ಹರಾಜಿನಲ್ಲಿ ಒಮ್ಮೆ ನೋಡಿ ಬಂದರೆ ಎಲ್ಲ ಅರ್ಥವಾಗುತ್ತದೆ. ಶ್ರೀಮಂತರಾಗುವ ಲೆಕ್ಕ ಬೇಡ, ಬೀವರ್ ಹೆಚ್ಚಾಗಿ ಹೋಗುವುದು ಟೋಪಿಯ ಫೆಲ್ಟ್‌ಗೆ.

ಕಿಂಗ್‌ಸ್ಟನ್‌ನಿಂದ:
ಅಡುಗೆ ಕಡೆಯಿಂದ ನಾನು. ಮೊದಲು ಗುದದ ಮುಂದೆ ಇರುವ ಎರಡು ಕ್ಯಾಸ್ಟರ್ ಚೀಲ, ಅದರ ಪಕ್ಕದ ಎಣ್ಣೆ ಗ್ರಂಥಿಗಳನ್ನು ಒಡೆಯದೆ ತೆಗೆಯಿರಿ. ಕ್ಯಾಸ್ಟರ್ ಸುಕ್ಕುಗಟ್ಟಿ ಕಂದು ಬಣ್ಣಕ್ಕಿರುತ್ತದೆ, ಎಣ್ಣೆಯದು ನಯವಾಗಿ ಪೇಲವ. ತೆಗೆದ ಮೇಲೆ ಚಾಕು, ಕೈಗವಸು ಎರಡೂ ಬದಲಾಯಿಸಿ. ಆ ದ್ರವ ಮಾಂಸಕ್ಕೆ ಮುಟ್ಟಿದರೆ ಮಸಾಲೆಗೆ ಮುಚ್ಚಿಹೋಗುವ ವಾಸನೆ ಅಲ್ಲ ಅದು. ಹೊಟ್ಟೆಯಲ್ಲಿ ತೊಗಟೆ ತುಂಬಿರುವುದರಿಂದ ಬೇಗ ಹುಳಿಯುತ್ತದೆ, ತಂದ ದಿನವೇ ಕರುಳು ತೆಗೆಯಬೇಕು.

ಹಿಂಗಾಲಿನ ತೊಡೆ, ಬೆನ್ನಿನ ಪಟ್ಟಿ ಒಳ್ಳೆಯ ಭಾಗ. ಮಾಂಸ ಕಡುಕೆಂಪು, ಕೊಬ್ಬು ಹೊರಗಡೆ ಬಿಳಿ ಪದರವಾಗಿರುತ್ತದೆ. ಅದನ್ನು ಪೂರ್ತಿ ತೆಗೆಯಿರಿ, ನಾರುವುದು ಅದೇ. ಉಪ್ಪುನೀರಲ್ಲಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ನೀರು ಚೆಲ್ಲಿ. ನಮ್ಮ ಮಟನ್ ಸಾರಿನ ಮಸಾಲೆ ಚೆನ್ನಾಗಿ ಹೊಂದುತ್ತದೆ, ಮೆಣಸು, ಲವಂಗ ಸ್ವಲ್ಪ ಮುಂದಾಗಲಿ. ಕುಕ್ಕರ್‌ನಲ್ಲಿ ಎಳೆಯದಾದರೆ ಐದು ಕೂಗು, ಮುದಿಯಾದರೆ ಎಂಟು. ಅರೆಬೆಂದದ್ದು ಬೇಡವೇ ಬೇಡ, ಒಳಗೂ 74 ಡಿಗ್ರಿ ದಾಟಬೇಕು. ಬಾಲವನ್ನು ಬೆಂಕಿಯಲ್ಲಿ ಬೊಬ್ಬೆ ಏಳುವವರೆಗೆ ಸುಟ್ಟರೆ ಹೊರಚರ್ಮ ಸುಲಿದು ಬರುತ್ತದೆ, ಒಳಗೆ ಮುಕ್ಕಾಲು ಪಾಲು ಕೊಬ್ಬು. (17ನೇ ಶತಮಾನದ ಕ್ವಿಬೆಕ್‌ನಲ್ಲಿ ಚರ್ಚಿನವರು ಬೀವರ್ ನೀರಿನ ಪ್ರಾಣಿ, ಮೀನಿನ ಲೆಕ್ಕ ಎಂದು ಉಪವಾಸದ ದಿನವೂ ತಿನ್ನಲು ಬಿಟ್ಟಿದ್ದರು. ನಮ್ಮ ಏಕಾದಶಿಗೆ ಇಂಥ ಅನುಕೂಲ ಯಾರೂ ಮಾಡಿಕೊಡಲಿಲ್ಲ.)

ಕೈಗವಸು ಇಲ್ಲದೆ ಮುಟ್ಟಬೇಡಿ. ಬೀವರ್‌ಗೆ ಟ್ಯುಲರೀಮಿಯಾ ಇರಬಹುದು, ಬೆರಳಿನ ಗೀರಿನಿಂದ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಮೂರರಿಂದ ಐದು ದಿನದಲ್ಲಿ ಜ್ವರ, ಗೀರಿದ ಕಡೆ ಹುಣ್ಣು, ಕಂಕುಳಲ್ಲಿ ಗಂಟು ಬಂದರೆ ಡಾಕ್ಟರಿಗೆ 'ಬೀವರ್ ಬಿಡಿಸಿದ್ದೆ' ಎಂದು ನೀವೇ ಹೇಳಿ, ಅವರಾಗಿ ಊಹಿಸುವುದಿಲ್ಲ. ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತದೆ. ಕೊಳದ ನೀರು ಕುದಿಸದೆ ಕುಡಿಯಬೇಡಿ, ಜಿಯಾರ್ಡಿಯಾ ಇರುತ್ತದೆ.

ಸಡ್‌ಬರಿಯಿಂದ, ಕೇಳಿದವರು:
ಎಲ್ಲರಿಗೂ ಧನ್ಯವಾದ. ಎರಡು ಅನುಮಾನ. ಆ ತೊರೆಯಲ್ಲಿ ನೀರುನಾಯಿಯೂ ಇದೆ, ಅದು ಸಿಗದಂತೆ ಏನು ಮಾಡಬೇಕು? ಕ್ಯಾಸ್ಟರ್ ಬಿಸಾಡುವುದೋ?

ಥಂಡರ್ ಬೇಯಿಂದ:
ನೀರುನಾಯಿ ಸಪೂರ, ಬೀವರ್ ಅಗಲ. ಟ್ರಿಗರ್ ತಂತಿಯನ್ನು ನಡುವಿನಿಂದ ಒಂದು ಪಕ್ಕಕ್ಕೆ ಸರಿಸಿ, ಎರಡೂ ಕಡ್ಡಿಗಳನ್ನು ಬದಿಯ ಕಂಬಿಗೆ ಸಮಾನಾಂತರ ಬಗ್ಗಿಸಿ. ನೀರುನಾಯಿ ಹೆಚ್ಚಿನ ಸಲ ತಾಗದೆ ದಾಟುತ್ತದೆ, ಬೀವರ್‌ನ ಭುಜ ತಾಗುತ್ತದೆ. ಒಡ್ಡು ದಾಟುವ ಜಾಗದಲ್ಲಿ ಮಾತ್ರ ಟ್ರ್ಯಾಪ್ ಇಡಲೇಬೇಡಿ, ನೀರುನಾಯಿ ಹತ್ತಿ ಇಳಿಯುವುದು ಅಲ್ಲೇ. ಹಾಗೆಯೇ, ರಜೆಗೆ ಊರಿಗೆ ಹೋದಾಗ ತುಂಗಭದ್ರೆ ದಂಡೆಯಲ್ಲಿ ಈ ವಿದ್ಯೆ ತೋರಿಸಲು ಹೋಗಬೇಡಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಟ್ರ್ಯಾಪ್ ಒಡ್ಡುವುದೂ ಬೇಟೆಯೇ.

ಕ್ಯಾಸ್ಟರ್ ಬಿಸಾಡಬೇಡಿ. ಸುಗಂಧದವರೂ, ವಾಸನೆಯ ಆಮಿಷ ತಯಾರಿಸುವವರೂ ಕೊಳ್ಳುತ್ತಾರೆ, ಕೆಲವು ವರ್ಷ ಚರ್ಮಕ್ಕಿಂತ ಹೆಚ್ಚು ಹುಟ್ಟುವುದೂ ಉಂಟು. ಜೋಡಿಯನ್ನು ಬೇರೆ ಮಾಡದೆ, ಹಿಂಡದೆ, ನೆರಳಿನಲ್ಲಿ ತಂತಿಗೆ ನೇತುಹಾಕಿ. ಮೂರು ನಾಲ್ಕು ವಾರದಲ್ಲಿ ಒಣಗಿ ಗಟ್ಟಿಯಾಗುತ್ತದೆ. ಗ್ಯಾರೇಜಿನಲ್ಲಿ ಒಣಗಿಸಿ, ಮನೆಯೊಳಗೆ ಬೇಡ.